ಡೆಮ್, ಟೂ-ಫ್ಲೂಯಿಡ್, ಪಾರ್ಸೆಲ್: ಒಂದೇ ಬೆಡ್ ಮೂರು ಥರ ಓಡಿಸಿ ನೋಡಿದೆ

1 ಮಿ.ಮೀ. ಗಾಜಿನ ಮಣಿಗಳ ಚಿಕ್ಕ ಫ್ಲೂಯಿಡೈಸ್ಡ್ ಬೆಡ್ (ಕೆಳಗಿಂದ ಊದೋ ಗಾಳಿಗೆ ಎದ್ದು ದ್ರವದ ಥರ ಆಡೋ ಮಣಿ ರಾಶಿ), ಅದನ್ನ ಕಂಪ್ಯೂಟರ್‌ನಲ್ಲಿ ಮೂರು ಸಿಮ್ಯುಲೇಷನ್ ವಿಧಾನಗಳಲ್ಲಿ ಓಡಿಸಿದ್ದು, ಅಷ್ಟೇ ಕೇಸು. ಡೆಮ್ (ಡಿಸ್ಕ್ರೀಟ್ ಎಲಿಮೆಂಟ್ ಮೆಥಡ್, ಪ್ರತಿ ಮಣೀನೂ ಬೇರೆಯಾಗಿ ಲೆಕ್ಕ ಹಾಕೋದು) ಒಂದೇ ಸರಿ, ಉಳಿದಿದ್ದೆಲ್ಲ ಅಂದಾಜು ಅಂತ ನಾನೂ ಸುಮಾರು ದಿನ ನಂಬ್ಕೊಂಡಿದ್ದೆ, ಅದಕ್ಕೇ ಮೂರರಲ್ಲೂ ಮಾಡಿ ನೋಡಿದ್ದು.

ಸಿಎಫ್‌ಡಿ-ಡೆಮ್ (ಸಿಎಫ್‌ಡಿ ಅಂದ್ರೆ ಗಾಳಿ, ನೀರಿನ ಹರಿವನ್ನ ಕಂಪ್ಯೂಟರ್‌ನಲ್ಲಿ ಬಿಡಿಸೋದು) ಅಂದ್ರೆ 1979ರಲ್ಲಿ ಕಂಡಲ್ ಮತ್ತು ಸ್ಟ್ರಾಕ್ ಕೊಟ್ಟ ಐಡಿಯಾಗೆ ಗಾಳಿ ಸೇರಿಸಿದ್ದು, ಪ್ರತಿ ಮಣಿಗೂ ನ್ಯೂಟನ್ ಲೆಕ್ಕ, ತಾಗಿದ ಕಡೆ ಒಂದು ಸ್ಪ್ರಿಂಗು ಒಂದು ಡ್ಯಾಶ್‌ಪಾಟು (ಡಿಕ್ಕಿಯ ಶಕ್ತಿ ಹೀರೋ ಡ್ಯಾಂಪರ್). ನೋಡೋಕೆ ಇದರಷ್ಟು ಚೆಂದ ಯಾವುದೂ ಇಲ್ಲ. ಆದ್ರೆ ಗಾಜಿನ ನಿಜವಾದ ಯಂಗ್ಸ್ ಮಾಡ್ಯುಲಸ್ (ಬಿಗಿತದ ಅಳತೆ), ಸುಮಾರು 70 ಗಿಗಾಪಾಸ್ಕಲ್, ಹಾಗೇ ಕೊಟ್ರೆ ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗೋ ಸಮಯ) ಎಷ್ಟು ಸಣ್ಣದಾಗುತ್ತೆ ಅಂದ್ರೆ ರನ್ ಮುಗಿಯೋ ಮಾತೇ ಇಲ್ಲ. ಎಲ್ಲರ ಹಾಗೆ ನಾನೂ 5 ಮೆಗಾಪಾಸ್ಕಲ್‌ಗೆ ಇಳಿಸಿದೆ, ವರ್ಗಮೂಲದ ಲೆಕ್ಕದಲ್ಲಿ ಸ್ಟೆಪ್ ಸುಮಾರು 118 ಪಟ್ಟು ದೊಡ್ಡದಾಯ್ತು. ಮಣಿಗಳು ಒಂದರೊಳಗೊಂದು ಎಷ್ಟು ಹೂತ್ಕೊಳ್ತಿವೆ ಅಂತ ಮಾತ್ರ ಕಣ್ಣಿಟ್ಟಿರಬೇಕು, ವ್ಯಾಸದ ಶೇ. 1 ದಾಟಿದ್ರೆ ನಾನಂತೂ ನಂಬಲ್ಲ. ಇನ್ನು ನನ್ನ ದಡ್ಡತನ: ಮೆಶ್ (ಗಾಳಿಯ ಲೆಕ್ಕಕ್ಕೆ ಜಾಗಾನ ಸೆಲ್‌ಗಳಾಗಿ ಕತ್ತರಿಸಿದ ಜಾಲ) ಸಣ್ಣದಾದಷ್ಟೂ ಒಳ್ಳೇದು ಅಂದ್ಕೊಂಡು ಸೆಲ್ಲನ್ನ ಮಣಿಯಷ್ಟೇ ಮಾಡಿಬಿಟ್ಟೆ, ಒಂದೇ ಮಣಿ ಸೆಲ್ ತುಂಬಿ ವಾಯ್ಡ್ ಫ್ರಾಕ್ಷನ್ (ಸೆಲ್ಲಲ್ಲಿ ಖಾಲಿ ಜಾಗದ ಪಾಲು) ಕುಣಿದಾಡಿ ರನ್ ಬಿತ್ತು. ಮೂರು ವ್ಯಾಸಕ್ಕೆ ಏರಿಸಿದ ಮೇಲೆ ಸುಮ್ಮನಾಯ್ತು.

ಟೂ-ಫ್ಲೂಯಿಡ್‌ನಲ್ಲಿ ಮಣಿಗಳೇ ಇಲ್ಲ, ಇಡೀ ರಾಶೀನ ಇನ್ನೊಂದು ದ್ರವ ಅಂದ್ಕೊಂಡು ಬಿಡಿಸ್ತೀವಿ. ಬೇಗ ಮುಗಿಯುತ್ತೆ. ಪ್ರೆಶರ್ ಡ್ರಾಪ್ (ಬೆಡ್ ದಾಟುವಾಗ ಗಾಳಿ ಕಳ್ಕೊಳ್ಳೋ ಒತ್ತಡ) ಸರಿಯಾಗಿ ಬಂತು ಅಂತ ಬೀಗಬೇಡಿ, ಬೆಡ್ ಎದ್ದ ಮೇಲೆ ಅದು ಬೆಡ್ಡಿನ ತೂಕವನ್ನ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದ್ದು ಅಷ್ಟೇ, ಯಾರು ಮಾಡಿದ್ರೂ ಬರುತ್ತೆ. ಬಣ್ಣ ಬಯಲಾಗೋದು ಗುಳ್ಳೆಗಳಲ್ಲಿ, ರೆಸ್ಟಿಟ್ಯೂಷನ್ (ಡಿಕ್ಕಿ ಆದ್ಮೇಲೆ ಎಷ್ಟು ಪಾಲು ವೇಗ ಉಳಿಯುತ್ತೆ ಅನ್ನೋದು) 0.9 ಇದ್ದಿದ್ದನ್ನ 0.99 ಮಾಡಿದೆ, ಗುಳ್ಳೆಗಳು ಮಸುಕಾಗಿ ಹೋದ್ವು.

ಪಾರ್ಸೆಲ್, ಅಂದ್ರೆ ಎಂಪಿ-ಪಿಕ್ (ಮಲ್ಟಿಫೇಸ್ ಪಾರ್ಟಿಕಲ್-ಇನ್-ಸೆಲ್), ಎಷ್ಟೋ ಮಣಿಗಳನ್ನ ಒಂದು ಮೂಟೆ ಕಟ್ಟಿ ಓಡಿಸುತ್ತೆ, ಡಿಕ್ಕಿಗಳ ಬದಲು ಒಂದು ಘನ ಒತ್ತಡ (ಮಣಿ ಒತ್ತೊತ್ತಾದಾಗ ದೂರ ತಳ್ಳೋ ಒತ್ತಡ). ಬೇರೆ ಬೇರೆ ಸೈಜಿನ ಮಣಿ ಇದ್ರೆ ನಾನು ಇದನ್ನೇ ಹಿಡೀತೀನಿ, ಟೂ-ಫ್ಲೂಯಿಡ್‌ನಲ್ಲಿ ಪ್ರತಿ ಸೈಜಿಗೂ ಒಂದೊಂದು ದ್ರವ ಸೇರಿಸೋ ತಲೆನೋವು ಯಾರಿಗೆ ಬೇಕು. ಆದ್ರೆ ಗಾಳಿ ನಿಲ್ಲಿಸಿ ನೋಡಿ, ಡೆಮ್‌ನಲ್ಲಿ ಇಳಿಜಾರಾಗಿ ನಿಂತ ಗುಡ್ಡೆ ಇಲ್ಲಿ ನೀರಿನ ಥರ ಮಟ್ಟ ಆಗ್ಬಿಡುತ್ತೆ, ಮಣಿ ಮಣಿ ನಡುವೆ ಘರ್ಷಣೆನೇ ಇಲ್ಲವಲ್ಲ. ಹಾಪರ್‌ಗೆ (ಕಾಳು ಕೆಳಗೆ ಸುರಿಯೋ ತೊಟ್ಟಿ) ಇದನ್ನ ಮುಟ್ಟಲೇಬೇಡಿ.

ಮೂರಕ್ಕೂ ಡ್ರ್ಯಾಗ್ (ಗಾಳಿ ಮಣೀನ ತಳ್ಳೋ ಬಲದ ಸೂತ್ರ) ಮಾತ್ರ ಒಂದೇ ಇಟ್ಟಿದ್ದೆ, ಗಿಡಾಸ್ಪೋ ಅನ್ನೋದು. ಅದನ್ನ ಬದಲಾಯಿಸಿದಾಗ ಬೆಡ್ ಏಳೋ ವೇಗ ಮೂರರಲ್ಲೂ ಒಟ್ಟಿಗೇ ಸರೀತು. ಪ್ರತಿ ಮಣೀನೂ ಎಣಿಸೋ ನನ್ನ ಡೆಮ್‌ಗೂ ದಟ್ಟ ಬೆಡ್‌ನಲ್ಲಿ ಗಾಳಿಯ ತಳ್ಳು ಬರ್ತಿದ್ದದ್ದು ಗಿಡಾಸ್ಪೋ ಒಳಗಿರೋ, ಪ್ರಯೋಗಗಳಿಂದ ಹೊಂದಿಸಿದ 1952ರ ಎರ್ಗುನ್ ಸೂತ್ರದಿಂದಲೇ.