ಕೆತ್ತನೆ ಕಲ್ಲಿನ ರೆಸಿನ್ ಅಚ್ಚುಗಳು: ಒಂದು ಕೊಳ್ಳಿ, ಎರಡು ಬಿಡಿ

ಮೈಸೂರಿನ ಸರಸ್ವತಿಪುರಂ ಕಡೆಯ ಕಲಿಕಾ ಸಾಮಗ್ರಿ ಅಂಗಡಿಯೊಂದರಲ್ಲಿ ಇತಿಹಾಸಪೂರ್ವ ಕೆತ್ತನೆ ಕಲ್ಲುಗಳ ಮೂರು ಅಚ್ಚುಗಳ ಪೆಟ್ಟಿಗೆ ಸಿಗುತ್ತದೆ. ರೆಸಿನ್ ಎರಕ, ಬೆಲೆ 2,400 ರೂಪಾಯಿ. ಕೆಲಸ ಚೊಕ್ಕವಾಗಿದೆ. ಆದರೆ ಈ ಕಲ್ಲುಗಳು ಯಾತಕ್ಕಿದ್ದವು ಅಂತ ಮಕ್ಕಳು ಕೇಳಿದರೆ ಮೂರರಲ್ಲಿ ಒಂದೇ ಬಾಯಿ ಬಿಡುತ್ತದೆ.

ಅದು ಫ್ರಾನ್ಸಿನ ಸ್ಯಾಂ ಬೆಲೆಕ್ ಚಪ್ಪಡಿ. ಮೂಲ 2.2 ಮೀಟರ್ ಉದ್ದ, 1900ರಲ್ಲಿ ಕಂಚಿನ ಯುಗದ ಸಮಾಧಿಯಲ್ಲಿ ಸಿಕ್ಕಿದ್ದು. ಓಡೆ ನದಿ ಕಣಿವೆಯ ನಕ್ಷೆ ಇದು ಎಂದು 2021ರಲ್ಲಿ ಸಂಶೋಧಕರು ವಾದಿಸಿದರು. ನಕ್ಷೆ ಇರುವುದು ಆಕಾರದಲ್ಲಿ, ಹಾಗಾಗಿ ಕುಗ್ಗಿಸಿದರೂ ನಷ್ಟವಿಲ್ಲ. ಟ್ಯೂಬ್‌ಲೈಟ್ ಕೆಳಗೆ ಮಾತ್ರ ನೋಡಬೇಡಿ, ಗೀರೆಲ್ಲ ಮಾಯ. ಟಾರ್ಚನ್ನು ಮೇಜಿಗೆ ತಾಗಿದಂತೆ ಹಿಡಿದು ಪಕ್ಕದಿಂದ ಬೆಳಕು ಬಿಡಿ.

ಎರಡನೆಯದು ಫ್ರಾನ್ಸಿನದೇ ಮೊಂಟಾಸ್ಟ್ರುಕ್ ಎಂಬಲ್ಲಿ ಸಿಕ್ಕ ಚಪ್ಪಟೆ ಕಲ್ಲಿನ ಬಿಲ್ಲೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಸುಮಾರು 15,000 ವರ್ಷ ಹಳೆಯ ಇಂಥ 50 ಸುಣ್ಣಕಲ್ಲುಗಳನ್ನು ಪರೀಕ್ಷಿಸಿದವರು 2022ರಲ್ಲಿ ಹೇಳಿದ್ದು: ಅಂಚಿನ ನಸುಗೆಂಪು ಶಾಖದ ಗುರುತು, ಒಲೆಯ ಪಕ್ಕ ಇಟ್ಟಿದ್ದರು, ಕುಣಿಯುವ ಬೆಳಕಿನಲ್ಲಿ ಒಂದರ ಮೇಲೊಂದು ಕೊರೆದ ಪ್ರಾಣಿಗಳು ಅಲುಗಾಡಿದಂತೆ ಕಾಣುತ್ತಿದ್ದವು. ಅಚ್ಚಿನಲ್ಲಿ ಆ ಕೆಂಪನ್ನು ಬಳಿದಿದ್ದಾರೆ, ಮೇಲೆ ವಾರ್ನಿಷ್ ಬೇರೆ! ದೀಪ ಹಚ್ಚಿದರೆ ಗೆರೆ ಕಾಣದು, ಹೊಳಪೇ ಕಣ್ಣಿಗೆ ಹೊಡೆಯುತ್ತದೆ. ಬೆಂಕಿ ಹತ್ತಿರವಂತೂ ಒಯ್ಯುವ ಹಾಗಿಲ್ಲ. ಇದರ ಬದಲು ಶಹಾಬಾದ್ ಕಲ್ಲಿನ ಚೂರು ತನ್ನಿ, ಅದೂ ಸುಣ್ಣಕಲ್ಲೇ. ಮೊಳೆಯಿಂದ ಮೊದಲು ತೆಳುವಾಗಿ ಒಂದು ಗೆರೆ, ಆಮೇಲೆ ಅದೇ ದಿಕ್ಕಿನಲ್ಲಿ ಹತ್ತಾರು ಸಲ. ಹಿಂದೆ ಮುಂದೆ ಉಜ್ಜಿದರೆ ಮೊಳೆ ಜಾರಿ ಕುದುರೆಗೆ ಐದನೇ ಕಾಲು ಮೂಡುತ್ತದೆ. ಎರಡು ದಿನ ಬಿಸಿಲಿಗೆ ಒಣಗಿಸಿ, ಉರಿಯಿಂದ ಒಂದು ಗೇಣು ದೂರ ಇಡಿ. ಒಳಗೆ ತೇವವಿದ್ದರೆ ಆವಿಯಾಗಿ ಕಲ್ಲು ಸಿಡಿಯುತ್ತದೆ.

ಮೂರನೆಯದು ನಮ್ಮ ಬಳ್ಳಾರಿಯ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದ ಗುಳಿಗಲ್ಲು. ಜೊತೆಗಿರುವ ಚೀಟಿ ಇದನ್ನು ಅಳಗುಳಿಮನೆ ಎನ್ನುತ್ತದೆ. ಅಳಗುಳಿಗೆ ಎರಡು ಸಾಲು, ಸಾಲಿಗೆ ಏಳು ಗುಳಿ ಬೇಕು. ಇಲ್ಲಿ ಸಾಲೇ ಇಲ್ಲ. ಆ ಗುಡ್ಡದ ಡೋಲರೈಟ್ ಎಂಬ ಗಟ್ಟಿ ಕಪ್ಪು ಬಂಡೆಗಳನ್ನು ಗುಳಿಯಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯ ದನಿ ಬರುತ್ತದೆ, ಅದೇ ಅವುಗಳ ಬಳಕೆ ಇರಬಹುದು ಎಂಬ ಊಹೆಯಿದೆ. ರೆಸಿನ್ ಬಡಿದರೆ ಬಕೆಟ್ ಸದ್ದು.

ದನಿ ಕೇಳಿಸಬೇಕೆಂದರೆ ಚಾಮರಾಜನಗರದ ಕರಿಕಲ್ಲು ಸಾಕು. ಒಂದೂವರೆ ಅಡಿ ಉದ್ದದ ಪಟ್ಟಿ ತಂದು, ಎರಡೂ ತುದಿಯಿಂದ ಉದ್ದದ ಐದನೇ ಒಂದು ಭಾಗ ಒಳಗೆ ಹಗ್ಗದ ಸುರುಳಿಗಳ ಮೇಲೆ ಕೂರಿಸಿ, ನಡುವೆ ಬೆಣಚುಕಲ್ಲಿನಿಂದ ತಟ್ಟಿ. ಮೇಜಿನ ಮೇಲೆ ಮಲಗಿಸಿದರೆ ಕಲ್ಲು ಮೂಕ. ಕೊಳ್ಳುವ ಮುನ್ನವೇ ತಟ್ಟಿ ನೋಡಿ, ಬಿರುಕಿದ್ದರೆ ದನಿ ಒಡೆಯುತ್ತದೆ.

ಅಂಗಡಿಯವರು ಬಿಡಿಯಾಗಿಯೂ ಕೊಡುತ್ತಾರೆ. ನಕ್ಷೆಯ ಚಪ್ಪಡಿ ಒಂದನ್ನೇ ಕೇಳಿ, 850 ರೂಪಾಯಿ.