ಫಂಕಿ ಬಿಯರ್‌ಗೆ ಯಾವ ವಿಭಾಗ? ಬಿಜೆಸಿಪಿ 2021 ಕೈಪಿಡಿ ನೋಡಿ
ಮನೆಯಲ್ಲಿ ಬ್ರೆಟ್ (ಬ್ರೆಟನೊಮೈಸಿಸ್) ಯೀಸ್ಟ್ ಹಾಕಿ ಹುದುಗಿಸಿದ ಬಿಯರನ್ನು ಸ್ಪರ್ಧೆಗೆ ಕಳಿಸುವವರಿಗೆ ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಬಿಜೆಸಿಪಿ ಸಂಸ್ಥೆಯ 2021ರ ಶೈಲಿ ಕೈಪಿಡಿ ತುಂಬ ಉಪಯುಕ್ತ, ಉಚಿತ ಕೂಡ. ಆದರೆ ಬಿಯರಿಗೆ ಏನು ಹಾಕಿದಿರಿ ಎನ್ನುವುದಕ್ಕಿಂತ ಲೋಟದಲ್ಲಿ ಏನು ಸಿಗುತ್ತದೆ ಎಂದು ನೋಡಿಯೇ ವಿಭಾಗ ಆರಿಸಬೇಕು.

ಬಾಟಲಿ ತೆರೆದು ಮೂಸಿ. ಕುದುರೆ ಲಾಯ, ಹಳೇ ಚರ್ಮ, ಮಾಗಿದ ಅನಾನಸಿನ ವಾಸನೆ (ಇದೇ ಫಂಕ್) ಮುಂದಿದ್ದು ಹುಳಿ ತೆಳುವಾಗಿದ್ದರೆ ಅದು ಕೈಪಿಡಿಯ 28ಎ ವಿಭಾಗ, ಅಂದರೆ ಬ್ರೆಟ್ ಬಿಯರ್. ಹುಳಿಯೂ ಅಷ್ಟೇ ಜೋರಾಗಿದ್ದರೆ 28ಬಿ. ಇವಕ್ಕೆ ಹಣ್ಣೋ ಮಸಾಲೆಯೋ ಸೇರಿಸಿದ್ದರೆ 28ಸಿ. ಫಂಕ್ ಇಲ್ಲದ, ಬರೀ ಲ್ಯಾಕ್ಟೋ (ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ) ಹುಳಿಯ ಬಿಯರಿಗೆ 2021ರಲ್ಲಿ ಸೇರಿಸಿದ 28ಡಿ ಇದೆ.

ಅಂಕ ಹೆಚ್ಚಾಗಿ ಕಳೆದುಹೋಗುವುದು ನೋಂದಣಿಯಲ್ಲಿ ಬರೆಯುವ ವಿವರಣೆಯಲ್ಲಿ. 28ಎಗೆ ಮೂಲ ಶೈಲಿಯನ್ನಾಗಲಿ, ಪದಾರ್ಥಗಳನ್ನಾಗಲಿ ಬರೆಯಲೇಬೇಕು. ‘ಫಂಕಿ ಏಲ್’ ಎಂದಷ್ಟೇ ಬರೆದರೆ ತೀರ್ಪುಗಾರರು ಯಾವುದಕ್ಕೆ ಹೋಲಿಸಬೇಕು? ‘ಸೇಸಾನ್ ಮೂಲ, ಬ್ರೆಟ್ ಬ್ರಕ್ಸೆಲೆನ್ಸಿಸ್, ಹುಳಿ ಕಡಿಮೆ’ ಎಂದು ಬರೆಯಿರಿ (ಸೇಸಾನ್ ಬೆಲ್ಜಿಯಂನ ಒಂದು ಬಿಯರ್ ಶೈಲಿ, ಬ್ರಕ್ಸೆಲೆನ್ಸಿಸ್ ಬ್ರೆಟ್‌ನ ಒಂದು ಜಾತಿ). ಬ್ರೆಟ್ ಬಾಟಲಿಯೊಳಗೂ ಕೆಲಸ ಮುಂದುವರಿಸುವುದರಿಂದ ಮೂರು ತಿಂಗಳ ಹಿಂದಿನ ರುಚಿ ನಂಬಬೇಡಿ. ನೋಂದಣಿಯ ವಾರ ಒಂದು ಬಾಟಲಿ ತೆರೆದು ನೋಡಿ. ವಿನೆಗರ್ ಅಥವಾ ನೇಲ್ ಪಾಲಿಶ್ ರಿಮೂವರ್ ವಾಸನೆ ಜೋರಾಗಿದ್ದರೆ ಆಮ್ಲಜನಕ ಒಳಹೊಕ್ಕಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಯಾವ ವಿಭಾಗವೂ ಕಾಪಾಡದು.