ಓಟದ ಹೆಸರಲ್ಲಿ ದುಡ್ಡು ಕೊಡುವ ಮೊದಲು ಇದನ್ನು ಓದಿ

ಬಳ್ಳಾರಿಯವರೇ, ಮೊನ್ನೆ ರಾಯಲ್ ಸರ್ಕಲ್ ಹತ್ತಿರ ಒಂದು ಫ್ಲೆಕ್ಸ್ ನೋಡಿದೆ. ಥಲಸ್ಸೇಮಿಯಾ ಮಕ್ಕಳಿಗಾಗಿ ಓಟ ಅಂತ ಬರೆದಿತ್ತು. ಒಂದು ಮಗುವಿನ ಫೋಟೊ, ಕೆಳಗೆ ಕ್ಯೂಆರ್ ಕೋಡ್, ಒಂದು ಫೋನ್ ನಂಬರ್. ನಂಬರ್ ಹೋದ ವರ್ಷದ್ದೇ. ಹೋದ ವರ್ಷ ಆ ಫೋಟೊದಲ್ಲಿದ್ದದ್ದು ನಮ್ಮ ಅಕ್ಕನ ಮಗಳು.

ಅವಳಿಗೆ ಏಳು ವರ್ಷ, ಥಲಸ್ಸೇಮಿಯಾ ಮೇಜರ್. ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಈ ಮಕ್ಕಳಿಗೆ ಸರ್ಕಾರಿ ರಕ್ತನಿಧಿಯಲ್ಲಿ ರಕ್ತಕ್ಕೆ ದುಡ್ಡಿಲ್ಲ, ಅಷ್ಟು ಪುಣ್ಯ. ಆದರೆ ರಕ್ತ ಹಾಕಿದಷ್ಟೂ ಮೈಯಲ್ಲಿ ಕಬ್ಬಿಣದ ಅಂಶ ತುಂಬುತ್ತದೆ, ಅದು ಹೃದಯ, ಲಿವರ್ ಎರಡನ್ನೂ ಕೆಡಿಸುತ್ತದೆ, ಅದನ್ನು ಹೊರಗೆ ಹಾಕೋಕೆ ದಿನಾ ಮಾತ್ರೆ ಬೇಕು, ಕಬ್ಬಿಣ ಎಷ್ಟು ತುಂಬಿದೆ ಅಂತ ನೋಡೋಕೆ ಆಗಾಗ ಫೆರಿಟಿನ್ ಅನ್ನೋ ರಕ್ತದ ಟೆಸ್ಟ್ ಮಾಡಿಸಬೇಕು, ಆಸ್ಪತ್ರೆಗೆ ಹೋದ ದಿನ ಅಕ್ಕ, ಭಾವ ಇಬ್ಬರ ಕೂಲಿಯೂ ಹೋಗುತ್ತದೆ. ಇಬ್ಬರೂ ಜೀನ್ಸ್ ಹೊಲಿಯುವವರು. ಎಷ್ಟು ಪೀಸ್ ಹೊಲಿದರೆ ಅಷ್ಟೇ ದುಡ್ಡು.

ಆಸ್ಪತ್ರೆಯಲ್ಲಿ ಪರಿಚಯವಾದ ಒಬ್ಬರು ಒಂದು ದಿನ ಮನೆಗೆ ಬಂದರು. "ಬೋನ್ ಮ್ಯಾರೋ ಕಸಿ ಮಾಡಿಸಿದ್ರೆ ಹುಡುಗಿ ಆರಾಮಾಗ್ತಾಳಮ್ಮ, ಊರೇ ಓಡಿ ದುಡ್ಡು ಕೂಡಿಸುತ್ತೆ, ನೀವು ಫೋಟೊ ಕೊಟ್ರೆ ಸಾಕು" ಅಂದರು. ಅಕ್ಕ ಅತ್ತುಬಿಟ್ಟಳು. ಕಸಿ ಅಂದರೆ ಬೇರೆಯವರ ಅಸ್ಥಿಮಜ್ಜೆ ಹಾಕೋದು, ಅದಕ್ಕೆ ಮೊದಲು ಎಚ್‌ಎಲ್‌ಎ, ಅಂದರೆ ಜೀವಕೋಶಗಳ ಮೇಲಿನ ಗುರುತು, ಹೊಂದುವ ದಾನಿ ಸಿಗಬೇಕು ಅನ್ನೋದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಆ ಮಾತೇ ಎತ್ತಲಿಲ್ಲ.

ನಾನು 10 ಕಿಲೋಮೀಟರ್‌ಗೆ ಹೆಸರು ಕೊಟ್ಟೆ. ಎರಡು ತಿಂಗಳು ದಿನಾ ಬೆಳಿಗ್ಗೆ ಕೋಟೆ ಗುಡ್ಡದ ಸುತ್ತ ಓಡಿದೆ. ಗೆಳೆಯರು, ಓಣಿಯವರು, ಅಕ್ಕನ ಯೂನಿಟ್‌ನವರು ಎಲ್ಲರನ್ನೂ ಕೇಳಿ 48,500 ರೂಪಾಯಿ ಕೂಡಿಸಿದೆ. ದಿನಗೂಲಿಯವರು 50, 100 ಕೊಟ್ಟದ್ದು ಅದರಲ್ಲಿ ಸೇರಿದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪರದೆ ಮೇಲೆ ಓಟ ನಡೆಸುವ ಟ್ರಸ್ಟ್ ಹೆಸರು ಬರುತ್ತಿರಲಿಲ್ಲ, ಒಬ್ಬ ವ್ಯಕ್ತಿಯ ಹೆಸರು ಬರುತ್ತಿತ್ತು. ನಾನು ಅದನ್ನು ನೋಡಿದ್ದೆ. ನೋಡಿಯೂ ಸುಮ್ನಿದ್ದೆ. ಒಳ್ಳೆ ಕೆಲಸಕ್ಕೆ ಹೊರಟವರನ್ನು ಏನು ಕೇಳೋದು ಅಂದುಕೊಂಡೆ.

ಓಟ ಇದ್ದದ್ದು ಮಾರ್ಚ್ ಕೊನೆಯ ಭಾನುವಾರ ಬೆಳಿಗ್ಗೆ 6ಕ್ಕೆ. ಅತಿಥಿ ಬಂದು ಬಾವುಟ ತೋರಿಸುವ ಹೊತ್ತಿಗೆ 7:40. ನಮ್ಮ ಊರಿನ ಬಿಸಿಲು ನಿಮಗೆ ಹೇಳಬೇಕಾ? ಆರನೇ ಕಿಲೋಮೀಟರ್‌ಗೆ ನೀರು ಖಾಲಿ. ಕಾಲೇಜಿನ ಹುಡುಗ ಒಬ್ಬ ಕಣ್ಣು ಕತ್ತಲೆ ಬಂದು ಬಿದ್ದ. ಆಂಬುಲೆನ್ಸ್ ಇರಲಿಲ್ಲ, ಆಟೋದಲ್ಲಿ ಹಾಕಿಕೊಂಡು ಹೋದೆವು. ದೇವರ ದಯೆ, ಸಂಜೆಗೆ ಸರಿಹೋದ.

ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆ. ಓಟ ಮುಗಿದ ಮೇಲೆ ನಮ್ಮ ಹುಡುಗಿಯನ್ನು ವೇದಿಕೆಗೆ ಕರೆದರು. ಅವಳಿಗಿಂತ ದೊಡ್ಡದಾದ ಚೆಕ್ ಕೈಗೆ ಕೊಟ್ಟರು, ಫ್ಲೆಕ್ಸ್ ಶೀಟಿನದು, ಅದರ ಮೇಲೆ ಮೂರು ಲಕ್ಷ ಅಂತ ಬರೆದಿತ್ತು. ಅವಳು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆ ಫೋಟೊ ಊರ ತುಂಬ ವಾಟ್ಸಾಪ್‌ನಲ್ಲಿ ಓಡಾಡಿತು.

ನಿಜವಾದ ಚೆಕ್ ಬರಲೇ ಇಲ್ಲ. ಮೊದಲು "ಬ್ಯಾಂಕ್ ರಜೆ", ಆಮೇಲೆ "ಆಡಿಟ್ ನಡೀತಿದೆ". ಕೊನೆಗೆ ನಮ್ಮನ್ನು ಗ್ರೂಪ್‌ನಿಂದ ತೆಗೆದರು. ಆದರೆ ಫೋಟೊ ಮಾತ್ರ ಉಳಿಯಿತು. "ಮೂರು ಲಕ್ಷ ಬಂತಂತಲ್ಲ, ಇನ್ನೇನಮ್ಮ ನಿಮಗೆ" ಅಂತ ಯೂನಿಟ್‌ನಲ್ಲಿ ಅಕ್ಕನಿಗೆ ಅಂದರು. ಮೊದಲು ಕೈಗಡ ಕೊಡುತ್ತಿದ್ದವರು ನಿಲ್ಲಿಸಿದರು. ರಕ್ತ ಕೊಡೋಕೆ ಬರುತ್ತಿದ್ದ ಇಬ್ಬರು ಹುಡುಗರು ಫೋನ್ ಎತ್ತುವುದು ಬಿಟ್ಟರು. ಜೂನ್‌ನಲ್ಲಿ ಹದಿನೈದು ದಿನ ಮಾತ್ರೆ ತರೋಕಾಗಲಿಲ್ಲ. ಅಕ್ಕ ಅದನ್ನು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಓಟವೇ ನಡೆಯದಿದ್ದರೆ ಅವಳಿಗೆ ಈ ಗತಿ ಬರುತ್ತಿರಲಿಲ್ಲ. ದುಡ್ಡು ಹೋದದ್ದಕ್ಕಿಂತ ಇದು ನನ್ನನ್ನು ಜಾಸ್ತಿ ಸುಡುತ್ತದೆ.

ಅದಕ್ಕೇ ಹೇಳೋದು, ಸ್ಕ್ಯಾನ್ ಮಾಡಿದಾಗ ಬರುವ ಹೆಸರು ನೋಡಿ. ಕರಪತ್ರದಲ್ಲಿ 80ಜಿ, ಅಂದರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ, ಅಂತ ಅಚ್ಚು ಹಾಕಿಸಿದ್ದರೆ ನೋಂದಣಿ ನಂಬರ್ ಕೇಳಿ, ರಸೀದಿ ಕೇಳಿ. ನಮಗೆ ಸಿಕ್ಕಿದ್ದು ಟೀ ಶರ್ಟ್ ಮಾತ್ರ. ಒಂದು ಮಗುವಿನ ಹೆಸರಲ್ಲಿ ಕೂಡಿಸುತ್ತಿದ್ದರೆ ಆ ಮಗುವಿನ ಅಪ್ಪ ಅಮ್ಮನ ಜೊತೆ ನೀವೇ ಮಾತಾಡಿ. ಆಸ್ಪತ್ರೆಯ ಖಾತೆಗೆ ರೋಗಿಯ ನಂಬರ್ ಹಾಕಿ ನೇರ ಕಟ್ಟಬಹುದಾ ಅಂತ ವಿಚಾರಿಸಿ. ಕಸಿ ಮಾಡಿಸೋದೇ ಆದರೆ ಕೋಲ್ ಇಂಡಿಯಾದವರ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ ಅಂತ ಇದೆ, ಆಯ್ದ ಆಸ್ಪತ್ರೆಗಳಲ್ಲಿ 10 ಲಕ್ಷದವರೆಗೆ ನೆರವು ಸಿಗುತ್ತದೆ. ಮನೆಗೆ ಬಂದಾತ ಇದನ್ನೊಂದು ಹೇಳಿದ್ದರೂ ನಮಗೆ ಎಷ್ಟೋ ಆಗುತ್ತಿತ್ತು. ಮೋಸ ಆಗಿದೆ ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಮ್ಮ ಹಾಗೆ ನಾಲ್ಕು ತಿಂಗಳು ಕಾಯಬೇಡಿ.

ಠಾಣೆಗೆ ದೂರು ಕೊಟ್ಟಿದ್ದೇವೆ. ಸಹಿ ಹಾಕಿದವರು ನಾವು ನಾಲ್ಕೇ ಜನ. ಹೋದ ವರ್ಷ ಓಡಿದವರು ನೂರಾರು ಜನ ಇದ್ದಿರಿ. ದುಡ್ಡು ಕಟ್ಟಿದ ಸ್ಕ್ರೀನ್‌ಶಾಟ್ ಫೋನ್‌ನಲ್ಲಿ ಇನ್ನೂ ಇದ್ದರೆ ಅಳಿಸಬೇಡಿ, ಅದನ್ನು ತಗೊಂಡು ಠಾಣೆಗೆ ಬನ್ನಿ. ಹಾಗೇ ಆ ಚೆಕ್ಕಿನ ಫೋಟೊ ಯಾರ ಹತ್ತಿರ ಇದ್ದರೂ, ಅದರಲ್ಲಿ ಒಂದು ರೂಪಾಯಿಯೂ ಆ ಮನೆಗೆ ಬಂದಿಲ್ಲ ಅಂತ ದಯವಿಟ್ಟು ನಾಲ್ಕು ಜನಕ್ಕೆ ಹೇಳಿ.